ಎರಡನೆಯ ಬಣ್ಣ

ಮೈಯೊಳಗೆ ಕಬ್ಬಿಣವೇನಾದರೂ ಇದೆಯೇ
ಎನ್ನುವುದು ಫಾರಂನ ನಾಲ್ಕನೇ ಪ್ರಶ್ನೆ.
ಹಾಲೇಶಪ್ಪ ನಕ್ಕರು:
"ಮೂವತ್ತೊಂದು ವರ್ಷ ಭದ್ರಾವತಿ ಕಾರ್ಖಾನೆ,
ಕಬ್ಬಿಣ ಬಿಟ್ಟು ಇನ್ನೇನಿದ್ದೀತು ತಾಯಿ?"
ನಾನು ನಗಲಿಲ್ಲ. ಕಣ್ಣಿನ ಎಕ್ಸ್‌ರೇ ತೆಗೆಸಿದೆ.
ಎಂದೋ ಸಿಡಿದ ಕಿಡಿಯ ಒಂದು ಚೂರು ಉಳಿದಿದ್ದರೂ
ಆ ಕಾಂತದ ಬಾಯಿಗೆ ಅಷ್ಟು ಸಾಕು.
ಉಳಿದಿರಲಿಲ್ಲ.

ಶನಿವಾರವೇ ಸಿ.ಟಿ. ಆಗಿತ್ತು.
ಬಲಗಡೆ, ಪಕ್ಕೆಲುಬಿನ ಮರೆಯಲ್ಲಿ,
ಪುಸ್ತಕ ಪಿತ್ತಜನಕಾಂಗ ಎನ್ನುವ,
ಮಟನ್ ಅಂಗಡಿ ಕಲೀಜ ಎನ್ನುವ,
ನಾವೆಲ್ಲ ಲಿವರ್ ಎಂದು ಮುಗಿಸುವ ಅದರೊಳಗೆ
ನೇರಳೆ ಬೀಜದಷ್ಟು ಮಬ್ಬು.
"ಇದೊಂದನ್ನೇ ನಂಬಿ ಹೇಳಲಾರೆ," ಎಂದರು ಡಾಕ್ಟರ್ ನಯೀಮಾ,
"ಎಂ.ಆರ್.ಐ. ಮಾಡಿ, ಇದರ ಮೇಲೆ ಅದನ್ನು ಕೂರಿಸಿ ನೋಡೋಣ."

ಕೂರಿಸುವುದು.
ಈ ಮಾತು ನನಗೆ ಗಾಂಧಿ ಬಜಾರಿನದು.
ಅಪ್ಪನ ಪ್ರೆಸ್ಸಿನಲ್ಲಿ ಮದುವೆ ಕಾಗದಕ್ಕೆ
ಮೊದಲು ಹಳದಿ, ಅದು ಒಣಗಿದ ಮೇಲೆ ಕೆಂಪು.
ಕೂದಲೆಳೆಯಷ್ಟು ಜರುಗಿದರೆ ಗಣಪತಿಗೆ ಎರಡು ಸೊಂಡಿಲು,
ಮದುಮಗಳ ಹೆಸರಿಗೊಂದು ನೆರಳು.
ಕೊನೆಗೆ ಕತ್ತರಿಸಿ ಎಸೆಯುವ ಅಂಚಿನಲ್ಲಿ
ಅಪ್ಪ ಸಣ್ಣದೊಂದು ಕೂಡುಗೆರೆ ಹಾಕಿರುತ್ತಿದ್ದರು.
ಎರಡೂ ಬಣ್ಣ ಅದರ ಮೇಲೆ ಬಿದ್ದರೆ ಸರಿ.
ಮೈಯ ಅಂಚಿಗೆ ಅಂಥ ಗೆರೆ ಯಾರು ಹಾಕಿದ್ದಾರೆ?
ಬೆನ್ನುಮೂಳೆ ಹೇಳಿದಲ್ಲಿ ನಿಲ್ಲುತ್ತದೆ.
ಲಿವರ್ ನಿಲ್ಲದು. ಉಸಿರಿನ ಮಡಿಲಲ್ಲಿ ಮಲಗಿದ ಬೆಕ್ಕು,
ಎಳೆದುಕೊಂಡಾಗ ಕೆಳಗೆ, ಬಿಟ್ಟಾಗ ಮೇಲೆ,
ಎರಡು ಬೆರಳಷ್ಟು ಓಡಾಟ.

ಕಿವಿಗೆ ಮುಚ್ಚಳ ಹಾಕಿ ಒಳಗೆ ತಳ್ಳಿದೆ.
ಗಾಜಿನ ಈಚೆಯಿಂದ ಮೈಕಿನಲ್ಲಿ:
ಉಸಿರು ಎಳೆದುಕೊಳ್ಳಿ. ಹಾಗೇ ಹಿಡಿದುಕೊಳ್ಳಿ.
ತೆರೆಯ ಮೇಲೆ ಅಲೆ ಅಲೆ,
ಒಂದೇ ಲಿವರ್ ನಾಲ್ಕು ನೆರಳಾಗಿ.
ಇನ್ನೊಮ್ಮೆ. ಅದೇ ಅಲೆ.
ಮೂರನೇ ಸಲಕ್ಕೆ ಹೊಳೆಯಿತು, ಇವರಿಗೆ ಕೇಳಿಸುತ್ತಿಲ್ಲ.
ಬೆಳಗಿನಿಂದ ನನ್ನ ತುಟಿ ನೋಡಿಯೇ ಉತ್ತರ ಕೊಟ್ಟಿದ್ದಾರೆ.

ಹೊರಗೆ ಎಳೆದೆ. ನಾಚಿಕೊಂಡರು.
"ಕಿವಿ ಅಲ್ಲೇ ಬಿಟ್ಟು ಬಂದೆ ತಾಯಿ, ರೋಲಿಂಗ್ ಮಿಲ್ಲಲ್ಲಿ.
ಕ್ರೇನು ನಡೆಸ್ತಿದ್ದೆ. ಮಾತು ಯಾರಿಗೆ ಕೇಳುತ್ತೆ?
ಎಲ್ಲಾ ಕೈಸನ್ನೆ. ಮುಷ್ಟಿ ಕಟ್ಟಿದರೆ ನಿಲ್ಲು.
ಅಂಗೈ ಕವುಚಿ ಮೆಲ್ಲಗೆ ತಗ್ಗಿಸಿದರೆ, ಭಾರ ಇಳಿಸು."

ವಾಚು, ಬೀಗದ ಕೈ, ಸೆರಗಿನ ಪಿನ್ನು ಎಲ್ಲ ಬಿಚ್ಚಿಟ್ಟು
ಗುಂಡಿಗಳನ್ನು ಮಧುಕೇಶನಿಗೆ ಒಪ್ಪಿಸಿ
ನಾನೇ ಒಳಗೆ ಹೋಗಿ ಅವರ ಕಾಲ ಬಳಿ ನಿಂತೆ.
ಹೆಬ್ಬೆರಳು ಒತ್ತಿದರೆ ಉಸಿರು ಹಿಡಿಯಬೇಕು, ಬಿಟ್ಟರೆ ಬಿಡಬೇಕು.
ಯಂತ್ರ ತಗಡು ಬಡಿದಂತೆ ಬಡಿಯಿತು.
ಒರಟು ಹೆಬ್ಬೆರಳು, ಉಗುರು ಕಪ್ಪು.
ಹದಿನೆಂಟು ಸೆಕೆಂಡು.
ನನಗೇ ಗೊತ್ತಿಲ್ಲದೆ ನಾನೂ ಹಿಡಿದಿದ್ದೆ.

ಆಮೇಲೆ ತೆರೆಯ ಮುಂದೆ
ಶನಿವಾರದ ಮೇಲೆ ಮಂಗಳವಾರವನ್ನು ಹಾಸಿದೆ.
ಕೂಡ್ಲಿಯಲ್ಲಿ ತುಂಗೆಗೆ ಭದ್ರೆ ಸೇರಿದ ಹಾಗೆ ಎಂದ ಮಧುಕೇಶ.
ಚೆಂದದ ಮಾತು, ಆದರೆ ತಪ್ಪು.
ಸೇರಿದ ಹೊಳೆಯನ್ನು ಯಾರೂ ಬಿಡಿಸಲಾರರು.
ಇಲ್ಲಿ ನನ್ನ ಬೆರಳು ಎಡಕ್ಕೆ ಸರಿದರೆ ಮೂಳೆ, ಸುಣ್ಣ, ಗಟ್ಟಿ ಅಂಚು;
ಬಲಕ್ಕೆ ಸರಿದರೆ ನೀರು, ಕೊಬ್ಬು, ಮೃದುವಾದುದೆಲ್ಲ.
ನಡುವೆ ನಿಲ್ಲಿಸಿದೆ.
ಅಂಚಿಗೆ ಅಂಚು ಕೂಡಿತು, ಅಪ್ಪ ಒಪ್ಪುವಷ್ಟು.
ಆ ಮಬ್ಬಿದ್ದ ಜಾಗದಲ್ಲೇ, ಒಂದೆಳೆ ಆಚೀಚೆಯಾಗದೆ,
ಬಿಳಿ ಬೆಳಕಿನ ಒಂದು ಹನಿ.

ಏನು ಕಂಡಿತು ಎಂದು ಹೇಳುವುದು ನನ್ನ ಕೆಲಸವಲ್ಲ.
ರಿಪೋರ್ಟ್ ಸಂಜೆ ಸಿಗುತ್ತದೆ, ಅಷ್ಟೇ ನನ್ನ ಪಾಠ.
ನಯೀಮಾ ಬಂದರು, ಬಗ್ಗಿದರು,
ಆಚೆಗೊಮ್ಮೆ ಈಚೆಗೊಮ್ಮೆ ಎಳೆದು ನೋಡಿ
ನನ್ನ ಕಡೆ ತಿರುಗಿ ಒಂದು ಮಾತು ಅಂದರು, ಪಿಸುದನಿಯಲ್ಲಿ.

ಗಾಜಿನಾಚೆ, ಅಂಗಿಯ ಗುಂಡಿ ಹಾಕುತ್ತ,
ಹಾಲೇಶಪ್ಪ ಅವರ ತುಟಿಯನ್ನೇ ನೋಡುತ್ತಿದ್ದರು.
ಗುಂಡಿ ಅರ್ಧಕ್ಕೇ ನಿಂತಿತು.
ಆಮೇಲೆ ಬಲಗೈ ಎತ್ತಿ,
ಅಂಗೈ ಕವುಚಿ,
ಮೆಲ್ಲಗೆ, ತುಂಬ ಮೆಲ್ಲಗೆ
ತಗ್ಗಿಸಿದರು.